ಬಚ್ಚಲ ಒಲೆ ಆರಿತು, ಬೂಷ್ಟು ಬಂತು

ಕಾರವಾರದಲ್ಲಿ ನನ್ನ ಅಕ್ಕನ ಮನೆಯ ಬಾತ್‌ರೂಮಿನಲ್ಲಿ ಒಂದು ಗೋಡೆ ಮಾತ್ರ ಕಪ್ಪಾಗುತ್ತಿತ್ತು. ಉಳಿದ ಮೂರಕ್ಕೆ ಏನೂ ಆಗಿರಲಿಲ್ಲ. ಪ್ಲಂಬರ್ ಬಂದ, ಒಳಗೆ ಪೈಪ್ ಲೀಕ್ ಆಗಿದೆ ಎಂದ. ಆರು ಟೈಲ್ಸ್ ಒಡೆಸಿದ್ದಾಯಿತು. ಪೈಪ್ ಒಣಗಿಕೊಂಡು ಕೂತಿತ್ತು. ಆಮೇಲೆ ಪಕ್ಕದ ಮನೆಯವರು ಬಾತ್‌ರೂಮ್ ಈಶಾನ್ಯದಲ್ಲಿದೆ, ಅದೇ ದೋಷ ಎಂದರು. ಅಕ್ಕ ಅರ್ಧ ನಂಬಿಯೂ ಬಿಟ್ಟಿದ್ದಳು! ನಾನು ಹೋದಾಗ ಮಾಡಿದ್ದು ಇಷ್ಟೇ: ಆ ಗೋಡೆಗೆ ಅಂಗೈ ಇಟ್ಟೆ, ಆಮೇಲೆ ಎದುರಿನ ಗೋಡೆಗೂ ಇಟ್ಟೆ. ಕಪ್ಪಾದ ಗೋಡೆ ತಣ್ಣಗಿತ್ತು. ಅದರ ಆಚೆ ಬೆಡ್‌ರೂಮ್. ಭಾವನಿಗೆ ಸೆಖೆ ಜಾಸ್ತಿ, ಅಲ್ಲಿ ರಾತ್ರಿಯಿಡೀ ಎಸಿ 20ಕ್ಕೆ ಓಡುತ್ತದೆ.

ಗೋಡೆ ಸೋರುತ್ತಿರಲಿಲ್ಲ. ಬೆವರುತ್ತಿತ್ತು.

ಬೂಷ್ಟು ಅಂದರೆ ಏನು ಅಂತ ಇಲ್ಲಿ ಹೇಳುವುದಿಲ್ಲ. ಆಗಸ್ಟ್‌ನಲ್ಲಿ ಚರ್ಮದ ಚಪ್ಪಲಿ ಹೊರಗೆ ತೆಗೆದ ಕರಾವಳಿಯವರಿಗೆಲ್ಲ ಅದರ ಪರಿಚಯ ಇದೆ. ಅದರ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಓಡಿಸಲು ಆಗುವುದಿಲ್ಲ. ತಿನ್ನಲು ಸೋಪಿನ ಜಿಡ್ಡು, ಮೈಯಿಂದ ಉದುರಿದ ಚರ್ಮ, ಪೇಂಟ್ ಸಾಕು. ನಮ್ಮ ಕೈಯಲ್ಲಿರುವುದು ನೀರೊಂದೇ. ಆದರೆ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಗೋಡೆ ಎಷ್ಟು ತಣ್ಣಗಿದೆ ಅಂತಲೂ ಕೇಳಬೇಕು.

ಗಾಳಿಯನ್ನು ಬಸ್ಸು ಅಂದುಕೊಳ್ಳಿ. ಒಂದು ಘನಮೀಟರ್ ಗಾಳಿ ಒಂದು ಬಸ್ಸು, ಒಂದು ಗ್ರಾಂ ನೀರಾವಿ ಒಬ್ಬ ಪ್ರಯಾಣಿಕ. ಈ ಬಸ್ಸಿನ ವಿಚಿತ್ರ ಏನೆಂದರೆ, ತಣ್ಣಗಾದಷ್ಟೂ ಸೀಟು ಕಡಿಮೆಯಾಗುತ್ತದೆ. 30 ಡಿಗ್ರಿಯಲ್ಲಿ ಸುಮಾರು 30 ಸೀಟು, 26ರಲ್ಲಿ 24, 24ರಲ್ಲಿ 22, 20ಕ್ಕೆ ಇಳಿದರೆ ಬರೀ 17. ಮಳೆಗಾಲದ ನಮ್ಮ ಕರಾವಳಿಯ ಗಾಳಿಯಲ್ಲಿ ಸಾಮಾನ್ಯವಾಗಿ 23 ಜನ ಕೂತಿರುತ್ತಾರೆ ಅನ್ನೋಣ. 26 ಡಿಗ್ರಿಯಲ್ಲಿ ಬಸ್ಸು ಹೆಚ್ಚುಕಡಿಮೆ ತುಂಬಿದೆ, ಶೇಕಡಾ 95. ಅದೇ ಗಾಳಿ 24 ಡಿಗ್ರಿಯ ಗೋಡೆಗೆ ತಾಗಿದರೆ ಒಬ್ಬ ಇಳಿಯಲೇಬೇಕು. ಇಳಿಯುವುದು ಆ ಗೋಡೆಯ ಮೇಲೆಯೇ. ಇನ್ನು ಅದೇ 23 ಜನರ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿ. ಯಾರೂ ಇಳಿಯಲಿಲ್ಲ, ಒಂದು ಹನಿಯನ್ನೂ ನಾವು ತೆಗೆದಿಲ್ಲ, ಆದರೂ ತೇವಾಂಶ ಶೇಕಡಾ 76ಕ್ಕೆ ಇಳಿಯಿತು. ಗೋಡೆಯ ಮೈಮೇಲೆ ಈ ತೇವಾಂಶ ದಿನಗಟ್ಟಲೆ ಸುಮಾರು ಶೇಕಡಾ 80 ದಾಟಿ ನಿಂತರೆ ಬೂಷ್ಟಿಗೆ ಹಬ್ಬ. ಅಂದರೆ ನಾಲ್ಕು ಡಿಗ್ರಿಯಲ್ಲಿ ಆಟವೇ ಬದಲಾಯಿತು!

ಬಸ್ಸು ಬೇಡ ಅನ್ನುವವರು ಸಕ್ಕರೆ ಪಾಕ ನೆನಪಿಸಿಕೊಳ್ಳಿ. ಬಿಸಿ ಇದ್ದಾಗ ಕರಗಿದ್ದ ಸಕ್ಕರೆ ಆರಿದ ಮೇಲೆ ಪಾತ್ರೆಯ ಅಂಚಿಗೆ ಹರಳುಗಟ್ಟುತ್ತದೆ. ಅದೂ ಬೇಡವಾದರೆ ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟ್ ಹತ್ತಿ. ಸಮುದ್ರದ ಗಾಳಿ ಘಟ್ಟ ಏರುತ್ತಾ ತಣ್ಣಗಾಗುತ್ತದೆ, ಹೊತ್ತ ನೀರನ್ನು ಹಿಡಿದಿಟ್ಟುಕೊಳ್ಳಲಾಗದೆ ಮಂಜು, ಮಳೆ ಎಂದು ಸುರಿಯುತ್ತದೆ. ಅಕ್ಕನ ಬಾತ್‌ರೂಮಿನಲ್ಲಿ ಇದ್ದದ್ದು ಒಂದು ಪುಟ್ಟ ದೇವಿಮನೆ ಘಾಟ್, ಅಷ್ಟೇ.

ಈ ಶೇಕಡಾ ಲೆಕ್ಕವನ್ನು ಮೊದಮೊದಲು ಅಳೆದದ್ದು ಕೂದಲಿನಿಂದ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಕೂದಲಿನ ತೇವಮಾಪಕದ ಬಗ್ಗೆ ಬರೆದ. ಜಿಡ್ಡು ತೆಗೆದ ಮನುಷ್ಯನ ಕೂದಲು ಪೂರ್ತಿ ಒಣಗಿದ್ದಾಗ ಇದ್ದದ್ದಕ್ಕಿಂತ ತೇವದಲ್ಲಿ ಶೇಕಡಾ 2ಕ್ಕಿಂತ ತುಸು ಹೆಚ್ಚು ಉದ್ದವಾಗುತ್ತದೆ, ಅದಕ್ಕೆ ಒಂದು ಮುಳ್ಳು ಕಟ್ಟಿದ. ಇದೇ ಪುಣ್ಯಾತ್ಮ ನಾಲ್ಕು ವರ್ಷದ ನಂತರ ಮೋಂ ಬ್ಲಾಂ ಶಿಖರವನ್ನೂ ಹತ್ತಿದ. ಜೂನ್‌ನಲ್ಲಿ ನಿಮ್ಮ ತಲೆಗೂದಲು ಮಾತು ಕೇಳುವುದಿಲ್ಲ ಅಲ್ವಾ, ಅದು ಹವಾಮಾನ ವರದಿ.

ಈಗ ಶಿರಸಿ ಕಡೆಯ ಹಳೆಯ ಬಚ್ಚಲುಮನೆಗೆ ಬನ್ನಿ. ಗೋಡೆಗೆ ಸೇರಿಸಿ ಕಟ್ಟಿದ ಒಲೆ, ಮೇಲೆ ತಾಮ್ರದ ಹಂಡೆ, ಒಳಗೆ ಅಡಿಕೆ ಸಿಪ್ಪೆ ಹೊಗೆಯಾಡುತ್ತಾ ಉರಿಯುತ್ತಿರುತ್ತದೆ. ಮಾಡಿಗೆ ಹಂಚು, ಗೋಡೆಗೂ ಮಾಡಿಗೂ ನಡುವೆ ಸಂದು. ಮಳೆಗಾಲದಲ್ಲಿ ಪಂಚೆ, ಲಂಗ, ಮಕ್ಕಳ ಬಟ್ಟೆಯೆಲ್ಲ ಒಲೆಯ ಮೇಲಿನ ಗಳದಲ್ಲೇ ಒಣಗುತ್ತಿದ್ದವು. ಗೋಡೆ ಮಸಿ ಹಿಡಿದು ಕಪ್ಪಾಗಿರುತ್ತಿತ್ತು, ಆದರೆ ಬೂಷ್ಟು ಕಂಡ ನೆನಪಿಲ್ಲ. ಬೆಚ್ಚಗಿನ ಗೋಡೆ, ಮೇಲೆ ಹೋಗುವ ಬಿಸಿಗಾಳಿ, ಅದರ ಹಿಂದೆಯೇ ಬಾಗಿಲ ಕೆಳಗಿನಿಂದ ನುಗ್ಗುವ ಹೊಸ ಗಾಳಿ. ದಯವಿಟ್ಟು ಇದನ್ನು ‘ಹಿರಿಯರಿಗೆ ಎಲ್ಲ ವಿಜ್ಞಾನ ಗೊತ್ತಿತ್ತು’ ಅನ್ನುವ ವಾಟ್ಸಾಪ್ ಮೆಸೇಜಿಗೆ ಸೇರಿಸಬೇಡಿ. ಅವರಿಗೆ ಬೇಕಿದ್ದದ್ದು ಬಿಸಿನೀರು. ಆ ಹೊಗೆಯಲ್ಲಿ ಅಮ್ಮ ಕಣ್ಣುಜ್ಜಿಕೊಂಡದ್ದನ್ನೂ ನಾನು ನೋಡಿದ್ದೇನೆ. ಒಲೆ ಹೋಗಿ ಗೀಸರ್ ಬಂತು, ಹಂಚು ಹೋಗಿ ಸ್ಲ್ಯಾಬ್ ಬಂತು. ನೀರು ಬಿಸಿಯಾಯಿತು, ಗೋಡೆ ತಣ್ಣಗೇ ಉಳಿಯಿತು.

ಕಿಟಕಿ ತೆಗೆದಿಡಿ, ಒಣಗುತ್ತದೆ ಅನ್ನುವ ಸಲಹೆ ಡಿಸೆಂಬರ್‌ಗೆ ಸರಿ, ಆಗ ಘಟ್ಟದ ಕಡೆಯಿಂದ ಒಣಗಾಳಿ ಬರುತ್ತದೆ. ಜುಲೈನಲ್ಲಿ ಹೊರಗಿನಿಂದ ಬರುವ ಬಸ್ಸೇ ತುಂಬಿರುತ್ತದೆ, ಅದು ಯಾರನ್ನು ಹತ್ತಿಸಿಕೊಳ್ಳಬೇಕು? ಹಾಗಂತ ಎಕ್ಸಾಸ್ಟ್ ಫ್ಯಾನ್ ದಂಡ ಅಲ್ಲ. ಬಿಸಿನೀರಿನ ಸ್ನಾನ ಮುಗಿದಾಗ ಒಳಗಿನ ಗಾಳಿಯಲ್ಲಿ 34 ಜನ ಇರಬಹುದು, ಅವರನ್ನು ಕೂಡಲೇ ಹೊರಗೆ ಹಾಕಬೇಕು. ಸ್ನಾನದ ನಂತರ ಇಪ್ಪತ್ತು ನಿಮಿಷ ಓಡಲಿ. ಆದರೆ ಜನ ಮಾಡುವ ತಪ್ಪೊಂದಿದೆ. ಫ್ಯಾನ್ ಕೂರಿಸಿದ ಕಿಟಕಿಯ ಉಳಿದರ್ಧವನ್ನು ತೆಗೆದಿಡುತ್ತಾರೆ, ಬಾಗಿಲು ಬಿಗಿಯಾಗಿ ಮುಚ್ಚುತ್ತಾರೆ. ಫ್ಯಾನ್ ಸುಮ್ನೆ ಪಕ್ಕದ ಕಿಂಡಿಯಿಂದ ಗಾಳಿ ಎಳೆದು ಹೊರಗೆ ದಬ್ಬುತ್ತಾ ಕೂತಿರುತ್ತದೆ, ಎದುರಿನ ಮೂಲೆಯ ಆವಿ ಅಲ್ಲಾಡುವುದೇ ಇಲ್ಲ. ಒಂದು ಊದುಬತ್ತಿ ಹಚ್ಚಿ ಮೂಲೆಯಲ್ಲಿ ಹಿಡಿದು ನೋಡಿ, ಗೊತ್ತಾಗುತ್ತದೆ. ಕಿಟಕಿ ಮುಚ್ಚಿ, ಬಾಗಿಲ ಕೆಳಗೆ ಎರಡು ಬೆರಳು ಸಂದು ಬಿಡಿ.

ಫ್ಯಾನ್‌ಗಿಂತ ದೊಡ್ಡ ಯಂತ್ರ ಮೂಲೆಯಲ್ಲೇ ನಿಂತಿದೆ: ವೈಪರ್. ಲೆಕ್ಕ ಹಾಕಿ. ಹತ್ತು ಚದರ ಮೀಟರ್ ಗೋಡೆ-ನೆಲದ ಮೇಲೆ ಕೂದಲಿನಷ್ಟು ದಪ್ಪ, ಅಂದರೆ 0.1 ಮಿಲಿಮೀಟರ್ ನೀರು ನಿಂತರೆ ಒಂದು ಲೀಟರ್ ಆಯಿತು. ಎಂಟು ಘನಮೀಟರ್ ಬಾತ್‌ರೂಮಿನ 34 ಜನರ ಬಿಸಿ ಗಾಳಿಯನ್ನು ಒಂದು ಸಲ ಪೂರ್ತಿ ತೆಗೆದು ಹೊರಗಿನ 23 ಜನರ ಗಾಳಿ ತುಂಬಿದರೆ ಹೋಗುವುದು ನೂರು ಗ್ರಾಂ ಕೂಡ ಅಲ್ಲ, ತಣ್ಣಗಾದ ಮೇಲೆ ಇನ್ನೂ ಕಡಿಮೆ. ಆ ಒಂದು ಲೀಟರನ್ನು ಮೂವತ್ತು ಸೆಕೆಂಡಿನಲ್ಲಿ ಎಳೆದು ಜಾಲರಿಗೆ ತಳ್ಳಬಹುದು.

ಬಣ್ಣದ ವಿಚಾರ. ಹೊಸದಾಗಿ ಬಳಿದ ಸುಣ್ಣದ ಕ್ಷಾರ ಎಷ್ಟು ಜೋರೆಂದರೆ ಬೂಷ್ಟು ಅಲ್ಲಿ ಬೇರು ಬಿಡಲಾರದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಆ ಗುಣ ನಿಧಾನಕ್ಕೆ ಹೋಗುತ್ತದೆ, ಆದ್ದರಿಂದ ಸುಣ್ಣವನ್ನು ಮತ್ತೆ ಮತ್ತೆ ಬಳಿಯಬೇಕು. ಕಪ್ಪಿನ ಮೇಲೆ ಪೇಂಟ್ ಹೊಡೆಯುವುದು ಅಂದರೆ ಊಟ ಬಡಿಸಿದ ಹಾಗೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬಹುದು, ಆದರೆ ಅದರ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಚಿಕ್ಕ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಬರಬಹುದು.

ಅಕ್ಕನ ಮನೆಯಲ್ಲಿ ಈಗ ಎಸಿ 26ರಲ್ಲಿದೆ. ಗೋಡೆ ಒಣಗಿದೆ, ಭಾವ ಮಂಚವನ್ನು ಸೀಲಿಂಗ್ ಫ್ಯಾನಿನ ಕೆಳಗೆ ಎಳೆದುಕೊಂಡಿದ್ದಾರೆ. ಒಡೆಸಿದ ಆ ಆರು ಟೈಲ್ಸ್‌ನ ಬಣ್ಣ ಮಾತ್ರ ಈಗ ಯಾವ ಅಂಗಡಿಯಲ್ಲೂ ಸಿಗುತ್ತಿಲ್ಲವಂತೆ.