ಕ್ಯೂಆರ್ ಕೋಡ್: ಮೊದಲು ಮನೆಯ ಅಳತೆ, ಆಮೇಲೆ ಅಂದಚಂದ

ಕ್ಯೂಆರ್ ಕೋಡ್ ಅಂದರೆ ಚದುರಂಗದ ಹಾಸಿನಂತೆ ಕಪ್ಪು-ಬಿಳಿ ಮನೆಗಳ ಚೌಕ. ಒಂದೊಂದು ಮನೆಗೆ ಮಾಡ್ಯೂಲ್ ಎಂದು ಹೆಸರು. ಕೋಡ್‌ನ ಗಾತ್ರದ ಮೆಟ್ಟಿಲಿಗೆ ಆವೃತ್ತಿ ಎನ್ನುತ್ತಾರೆ. ಮೊದಲ ಆವೃತ್ತಿಯಲ್ಲಿ 21×21 ಮನೆ. ಆವೃತ್ತಿ ಒಂದು ಏರಿದರೆ ಪ್ರತಿ ಬದಿಗೂ 4 ಮನೆ ಹೆಚ್ಚು, 40ನೆಯದರಲ್ಲಿ 177×177. ಒಳಗೆ ಅಕ್ಷರ ತುಂಬಿದಷ್ಟೂ ಅದೇ ಲೇಬಲ್‌ನಲ್ಲಿ ಮನೆ ಕಿರಿದಾಗುತ್ತದೆ. ಕೋಡ್ ಓದದಿದ್ದಾಗ ಮೊದಲು ನೋಡಬೇಕಾದ್ದು ಇದನ್ನೇ.

ಸೋಮವಾರಪೇಟೆಯ ಕಾಫಿ ಪುಡಿ ಪ್ಯಾಕೆಟ್‌ಗೆ 25 ಮಿ.ಮೀ. ಅಗಲದ ಜಾಗ ಇದೆ ಅನ್ನೋಣ. 90 ಅಕ್ಷರದ ಲಿಂಕ್ ಹಾಕಿದರೆ, ದೋಷ ತಿದ್ದುವ (ಕೋಡ್ ಸ್ವಲ್ಪ ಹಾಳಾದರೂ ಓದಿಸುವ, ವಿವರ ಮುಂದಿದೆ) ‘ಎಂ’ ಮಟ್ಟದಲ್ಲಿ 6ನೇ ಆವೃತ್ತಿ ಬೇಕು: 41 ಮನೆ. ಸುತ್ತ ನಾಲ್ಕೂ ಕಡೆ 4 ಮನೆಯಷ್ಟು ಖಾಲಿ ಅಂಚು ಕಡ್ಡಾಯ, ಒಟ್ಟು 49. ಒಂದು ಮನೆಗೆ ಸಿಗುವುದು 0.51 ಮಿ.ಮೀ. ಅದೇ ಲಿಂಕನ್ನು 24 ಅಕ್ಷರಕ್ಕೆ ಇಳಿಸಿದರೆ 2ನೇ ಆವೃತ್ತಿ ಸಾಕು: 25 ಮನೆ, ಅಂಚು ಸೇರಿ 33, ಒಂದಕ್ಕೆ 0.76 ಮಿ.ಮೀ. ಒಂದು ರೂಪಾಯಿ ಖರ್ಚಿಲ್ಲದೆ ಮನೆ ಒಂದೂವರೆ ಪಟ್ಟು ಆಯಿತು.

ಕನ್ನಡದವರು ಇಲ್ಲೊಂದು ಎಚ್ಚರ ವಹಿಸಬೇಕು. ‘ಕೊಡಗು’ ಎಂಬ ಪದ ಯೂನಿಕೋಡ್‌ನಲ್ಲಿ 5 ಸಂಕೇತ, ಒಂದೊಂದಕ್ಕೂ 3 ಬೈಟ್, ಅಂದರೆ 15 ಬೈಟ್. ಬ್ರೌಸರ್‌ನಿಂದ ನಕಲು ಮಾಡಿದ ವಿಳಾಸದಲ್ಲಿ ಅದು ಶೇಕಡಾ ಚಿಹ್ನೆಗಳ ಸಾಲಾಗಿ 45 ಅಕ್ಷರ ನುಂಗುತ್ತದೆ. ವಿಳಾಸದಲ್ಲಿ ಕನ್ನಡ ಬೇಡ. ಕನ್ನಡವನ್ನು ತೆರೆಯುವ ಪುಟದಲ್ಲಿ ಧಾರಾಳವಾಗಿ ಬರೆಯಿರಿ.

ದೋಷ ತಿದ್ದುವ ಮಟ್ಟ ನಾಲ್ಕು: ಎಲ್, ಎಂ, ಕ್ಯೂ, ಎಚ್. ಸುಮಾರು ಶೇ. 7, 15, 25, 30ರಷ್ಟು ಹಾಳಾದರೂ ಮಾಹಿತಿ ಸಿಗುತ್ತದೆ. ಹಾಗೆಂದು ಎಲ್ಲಕ್ಕೂ ‘ಎಚ್’ ಹಾಕಬಾರದು. ಮೇಲಿನ 90 ಅಕ್ಷರಕ್ಕೆ ‘ಎಚ್’ ಹಾಕಿದರೆ 9ನೇ ಆವೃತ್ತಿಗೆ ಹೋಗಿ ಮನೆ 0.41 ಮಿ.ಮೀ.ಗೆ ಕುಗ್ಗುತ್ತದೆ. ಮೂರು ಮೂಲೆಯ ದೊಡ್ಡ ಚೌಕಗಳಿಗೆ ಈ ರಕ್ಷಣೆ ಇಲ್ಲವೇ ಇಲ್ಲ. ನಡುವೆ ಲೋಗೋ ಸಣ್ಣದಾಗಿ ಕೂತರೂ ನಡೆದೀತು, ಮೂಲೆ ಹರಿದರೆ ಕೋಡ್ ಎಲ್ಲಿದೆ ಎಂಬುದೇ ಕ್ಯಾಮೆರಾಗೆ ತಿಳಿಯುವುದಿಲ್ಲ.

ಇನ್ನು ಮುದ್ರಣ. ಲೇಬಲ್ ಪ್ರಿಂಟರ್ 203 ಡಿಪಿಐನದಾದರೆ (ಅಂಗುಲಕ್ಕೆ 203 ಚುಕ್ಕಿ) ಒಂದು ಮಿ.ಮೀ.ಗೆ 8 ಚುಕ್ಕಿ. ಮನೆಗೆ ಸರಿಯಾಗಿ 6 ಚುಕ್ಕಿ ಕೊಟ್ಟರೆ 33 ಮನೆಗೆ 198 ಚುಕ್ಕಿ, 24.75 ಮಿ.ಮೀ. ‘25 ಪೂರ್ತಿ ಇರಲಿ’ ಎಂದು 200 ಚುಕ್ಕಿಗೆ ಎಳೆದರೆ ಕೆಲವು ಮನೆ 6, ಕೆಲವು 7 ಚುಕ್ಕಿಯಾಗಿ ಗೆರೆ ವಕ್ರವಾಗುತ್ತದೆ. ಆ ಕಾಲು ಮಿ.ಮೀ. ಬಿಟ್ಟುಬಿಡಿ. ಪ್ರೆಸ್‌ಗೆ ಎಸ್‌ವಿಜಿ ಅಥವಾ ಪಿಡಿಎಫ್ ಕೊಡಿ. ಜೆಪೆಗ್‌ನಲ್ಲಿ ಮನೆಯಂಚು ಮಸುಕಾಗುತ್ತದೆ. ಕಪ್ಪು ಶಾಯಿಯೊಂದೇ ಇರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪಿನಲ್ಲಿ ಪ್ಲೇಟ್ ಕೂದಲೆಳೆ ಸರಿದರೂ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ. ಕಂದು ಕ್ರಾಫ್ಟ್ ಚೀಲವಾದರೆ ಮೇಲೆ ಬಿಳಿ ಸ್ಟಿಕ್ಕರ್ ಹಚ್ಚಿ, ಅದರ ಮೇಲೆ ಕೋಡ್. ಹೊಳಪಿನ ಲ್ಯಾಮಿನೇಶನ್‌ಗಿಂತ ಮ್ಯಾಟ್ ಮೇಲು.

ಜೇನು ಬಾಟಲಿಯ ವ್ಯಾಸ 60 ಮಿ.ಮೀ. ಇದ್ದರೆ 25 ಮಿ.ಮೀ. ಲೇಬಲ್‌ನ ಅಂಚಿನ ಮನೆ ಕ್ಯಾಮೆರಾಗೆ ಸುಮಾರು ಶೇ. 9 ಕಿರಿದಾಗಿ ಕಾಣುತ್ತದೆ, ತೊಂದರೆಯಿಲ್ಲ. 30 ಮಿ.ಮೀ. ಸೀಸೆಯಲ್ಲಿ ಅದೇ ಲೇಬಲ್‌ನ ಅಂಚು ಮೂರನೇ ಒಂದರಷ್ಟು ಕುಗ್ಗುತ್ತದೆ. ಅಲ್ಲಿ ಕೋಡನ್ನು ಮುಚ್ಚಳದ ಮೇಲೆ ಹಾಕುವುದೇ ವಾಸಿ.

ಬೋರ್ಡಿಗೆ ಲೆಕ್ಕ ಸುಲಭ: ಕೋಡ್‌ನ ಅಗಲ, ಓದುವವರು ನಿಲ್ಲುವ ದೂರದ ಹತ್ತನೇ ಒಂದು. 3 ಮೀಟರಿಗೆ 30 ಸೆಂ.ಮೀ. ಕೊಡಗಿನ ಕಕ್ಕಡ ಮಾಸದ ಮಳೆಗೆ ಒಡ್ಡಿಕೊಂಡ ಹಾಳೆಗೆ ಲ್ಯಾಮಿನೇಶನ್ ಅಂಚು ಕಾಗದದಿಂದ ಕನಿಷ್ಠ 5 ಮಿ.ಮೀ. ಹೊರಗಿರಲಿ, ಅಂಚಲ್ಲೇ ಕತ್ತರಿಸಿದರೆ ನೀರು ಒಳಗಿಳಿದು ಶಾಯಿ ಹರಡುತ್ತದೆ. ಬೋರ್ಡು ಸೂರಿನ ಕೆಳಗಿರಲಿ, ಆಗಾಗ ಪಾಚಿ ಒರೆಸಿ.

ಪರದೆಯಲ್ಲಿ ಕೆಡುವುದು ಬೇರೆ ಥರ. ಹಿನ್ನೆಲೆಯಿಲ್ಲದ ಪಿಎನ್‌ಜಿ ಡಾರ್ಕ್ ಮೋಡ್‌ಗೆ ಬಂದರೆ ಖಾಲಿ ಅಂಚು ಕಪ್ಪಾಗಿ ಮಾಯವಾಗುತ್ತದೆ. ಬಿಳಿ ಅಂಚನ್ನು ಚಿತ್ರದೊಳಗೇ ಸೇರಿಸಿ. ಒಂದು ಮನೆಗೆ ಪೂರ್ಣಸಂಖ್ಯೆಯ ಪಿಕ್ಸೆಲ್ ಕೊಡಿ: 33 ಮನೆಗೆ 264 ಅಥವಾ 330. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಹೋಂಸ್ಟೇಗಳಿಗೆ ಒಂದು ಮಾತು. ತೋಟದ ನಡುವೆ ಸಿಗ್ನಲ್ ಇಲ್ಲದ ಕಡೆ ಕೋಡ್ ಓದಿದರೂ ಪುಟ ತೆರೆಯುವುದಿಲ್ಲ, ಅತಿಥಿ ಕೋಡನ್ನೇ ದೂರುತ್ತಾರೆ. ಅಲ್ಲಿ ಮೊದಲು ವೈಫೈ ಕೋಡ್ ಇಡಿ. ಅದನ್ನು ಓದಲು ನೆಟ್‌ವರ್ಕ್ ಬೇಡ. ಪಾಸ್‌ವರ್ಡ್‌ನಲ್ಲಿ ಅರ್ಧವಿರಾಮ ಅಥವಾ ಕೋಲನ್ ಇದ್ದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಸೇರಿರಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಅರ್ಧಕ್ಕೇ ತುಂಡಾಗಬಹುದು.

ಸಾವಿರ ಪ್ರತಿ ಹಾಕಿಸುವ ಮುನ್ನ ಅದೇ ಕಾಗದದಲ್ಲಿ, ‘ಫಿಟ್ ಟು ಪೇಜ್’ ತೆಗೆದು, ಶೇ. 100 ಅಳತೆಯಲ್ಲಿ ಒಂದು ಪ್ರತಿ ತೆಗೆಯಿರಿ. ಅದನ್ನು ಹಳೆಯ ಅಗ್ಗದ ಫೋನಿನಲ್ಲಿ, ಸಂಜೆಯ ಬಲ್ಬಿನ ಬೆಳಕಿನಲ್ಲಿ, ಸ್ವಲ್ಪ ಓರೆಯಾಗಿ ಹಿಡಿದು ಓದಿಸಿ ನೋಡಿ.