ಬಲಕ್ಕೆ ತಿರುಗಿದರೆ ಕಟಕಟ

ಹುಬ್ಬಳ್ಳಿಯ ಹೊಸೂರು ಸರ್ಕಲ್‌ನಲ್ಲಿ ಬಲಕ್ಕೆ ತಿರುಗಿಸುವಾಗ ಮೊದಲ ಸಲ ಕೇಳಿಸಿತು. ಕಟ ಕಟ ಕಟ ಕಟ. ಗಾಡಿ ನೆಟ್ಟಗಾದ ಕೂಡಲೇ ಸದ್ದಿಲ್ಲ. ಎಡಕ್ಕೆ ತಿರುಗಿಸಿದರೂ ಇಲ್ಲ. ರೇಡಿಯೋ ದನಿ ಸ್ವಲ್ಪ ಜಾಸ್ತಿ ಮಾಡಿಕೊಂಡು ಮನೆಗೆ ಬಂದೆ. ಹಳೆ ಗಾಡಿ ಇಟ್ಟುಕೊಂಡವರೆಲ್ಲ ಮಾಡುವ ಮೊದಲ ರಿಪೇರಿ ಅದೇ ಅಲ್ವಾ?

ನನ್ನದು ಎರಡೇ ಸೀಟಿನ, ಬಟ್ಟೆ ಟಾಪಿನ, ಇಪ್ಪತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರು. ಕಂಪನಿ ಹೆಸರು ಬೇಡ, ಯಾಕಂದರೆ ತಪ್ಪು ಪೂರ್ತಿ ನನ್ನದು. ಎಂಜಿನ್ ಮುಂದಿದೆ, ಅದು ತಿರುಗಿಸುವುದೂ ಮುಂದಿನ ಗಾಲಿಗಳನ್ನೇ. "ಮುಂದಿನ ಗಾಲಿ ಎಳೆಯೋದು ಎಂಥ ಸ್ಪೋರ್ಟ್ಸ್ ಕಾರು?" ಅಂತ ಮೂಗು ಮುರಿಯುವವರಿದ್ದಾರೆ. ಅವರಿಗೆ ಒಂದೇ ಮಾತು: 1989ರಲ್ಲಿ ಸ್ಪೋರ್ಟ್ಸ್ ಕಾರುಗಳಿಗೇ ಹೆಸರಾದ ಬ್ರಿಟನ್ನಿನ ಲೋಟಸ್ ಕಂಪನಿಯೇ ಎಲಾನ್ ಹೆಸರಿನಲ್ಲಿ ಇಂಥದ್ದೊಂದನ್ನು ಮಾಡಿತ್ತು.

ಗೋಕುಲ ರೋಡಿನ ಆಚೆ ನನಗೆ ಗೊತ್ತಿರುವ ಒಂದು ಸಣ್ಣ ಗ್ಯಾರೇಜಿದೆ. ಅಲ್ಲಿನ ಚಾಚಾ ಗಾಡಿ ಓಡಿಸಿ ನೋಡಲೂ ಇಲ್ಲ. ಸ್ಟೇರಿಂಗ್ ತಿರುವಿ, ಬಗ್ಗಿ, ಎಡಗಾಲಿಯ ಹಿಂದೆ ಕೈ ಹಾಕಿ ಬೆರಳು ತೋರಿಸಿದರು. ಕರಿ ಗ್ರೀಸು. "ಬೂಟ್ ಹರದು ಎಷ್ಟ್ ದಿನ ಆತ್ರಿ ಸರ?" ಅಂದರು. ಬೂಟ್ ಅಂದರೆ ಗಾಲಿ ಹಿಂದಿನ ಜಾಯಿಂಟಿಗೆ ತೊಡಿಸಿದ, ಗ್ರೀಸು ತುಂಬಿದ ರಬ್ಬರ್ ಚೀಲ. ಅದು ಹರಿದದ್ದು ನನಗೇನು ಗೊತ್ತು? "ಆಕ್ಸಲ್ ಇಳಸಬೇಕ್ರಿ, ಒಳಗ ಮಣ್ಣ ಹೊಕ್ಕೇತಿ."

ನಮ್ಮ ಕಡೆ ಆಕ್ಸಲ್ ಅನ್ನುವುದನ್ನು ಪುಸ್ತಕದಲ್ಲಿ ಡ್ರೈವ್‌ಶಾಫ್ಟ್ ಅಂತ ಬರೆಯುತ್ತಾರೆ. ಗೇರ್‌ಬಾಕ್ಸಿನಿಂದ ಗಾಲಿಗೆ ಹೋಗುವ ಉಕ್ಕಿನ ಸಲಾಕೆ. ಫಸ್ಟ್ ಗೇರಿನಲ್ಲಿ ಎಂಜಿನ್ನಿನ ತಿರುಚು ಬಲ ಹತ್ತು ಹನ್ನೆರಡು ಪಟ್ಟಾಗಿ ಎರಡು ಆಕ್ಸಲ್‌ಗಳಿಗೆ ಹಂಚಿಕೆಯಾಗುತ್ತದೆ. ಬಲದ ಲೆಕ್ಕ ಅಷ್ಟು ದೊಡ್ಡ ತಲೆನೋವಲ್ಲ. ಸಲಾಕೆ ದಪ್ಪ ಮಾಡಿದರೆ ಮುಗಿಯಿತು. ಆದರೆ ಈ ಗಾಲಿ ಗುಂಡಿಗೆ ಬಿದ್ದು ಏಳುತ್ತದೆ, ಮೇಲಾಗಿ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಸಲಾಕೆ ತಿರುಗುತ್ತಲೇ ಮೂವತ್ತು ನಲವತ್ತು ಡಿಗ್ರಿ ಬಾಗಬೇಕು. ಅದು ಹೇಗೆ?

ಲಾರಿ, ಅಂಬಾಸಿಡರ್ ಅಡಿ ಮಲಗಿ ನೋಡಿದವರಿಗೆ ಕ್ರಾಸ್ ಗೊತ್ತು. ಎರಡು ಕವೆಗಳ ನಡುವೆ ಕೂಡಿಸುವ ಚಿಹ್ನೆಯಂಥ ಒಂದು ತುಂಡು. ಹದಿನೇಳನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಹೆಸರಿನಲ್ಲಿ ಇದನ್ನು ಹುಕ್ಸ್ ಜಾಯಿಂಟ್ ಅಂತಲೂ ಕರೆಯುತ್ತಾರೆ. ಬಾಗಿದಾಗಲೂ ಇದು ತಿರುಗುತ್ತದೆ ನಿಜ, ಆದರೆ ಒಂದೇ ವೇಗದಲ್ಲಿ ಅಲ್ಲ. ಈ ಕಡೆಯ ಸಲಾಕೆ ನಿಮಿಷಕ್ಕೆ 1000 ಸುತ್ತು ಸಮವಾಗಿ ತಿರುಗುತ್ತಿದೆ, ಜಾಯಿಂಟ್ 30 ಡಿಗ್ರಿ ಬಾಗಿದೆ ಅಂತಿಟ್ಟುಕೊಳ್ಳಿ. ಆ ಕಡೆಯ ಸಲಾಕೆಯ ವೇಗ ಒಂದೇ ಸುತ್ತಿನೊಳಗೆ ಎರಡು ಸಲ 866ಕ್ಕೆ ಇಳಿದು ಎರಡು ಸಲ 1155ಕ್ಕೆ ಏರುತ್ತದೆ. ಸರಾಸರಿ ಸರಿಯೇ ಇರುತ್ತದೆ, ನಡಿಗೆ ಮಾತ್ರ ಕುಂಟು. ಲಾರಿಯಲ್ಲಿ ಎರಡು ಕ್ರಾಸ್‌ಗಳನ್ನು ಹೊಂದಿಸಿ ಕೂರಿಸಿ, ಒಂದರ ಕುಂಟನ್ನು ಇನ್ನೊಂದು ಸರಿ ಮಾಡುವಂತೆ ಮಾಡುತ್ತಾರೆ. ಅಲ್ಲಿ ಕೋನವೂ ಸಣ್ಣದು. ಮುಂದಿನ ಗಾಲಿಗೆ ಇದೇ ಜಾಯಿಂಟ್ ಹಾಕಿ ಪೂರ್ತಿ ತಿರುವಿದರೆ ಸ್ಟೇರಿಂಗ್ ಕೈಯಲ್ಲೇ ಒದರಾಡುತ್ತದೆ.

ಇದಕ್ಕೆ ಚಂದದ ಉತ್ತರ ಕೊಟ್ಟವರಲ್ಲಿ ಒಬ್ಬ ಆಲ್ಫ್ರೆಡ್ ಝೆಪ್ಪಾ, 1920ರ ದಶಕದಲ್ಲಿ ಫೋರ್ಡ್ ಕಂಪನಿಯಲ್ಲಿದ್ದ ಎಂಜಿನಿಯರ್. ಅವನ ಜಾಯಿಂಟ್‌ನಲ್ಲಿ ಒಳಗೊಂದು ಗುಂಡು, ಹೊರಗೊಂದು ಬಟ್ಟಲು, ಎರಡರಲ್ಲೂ ಉದ್ದಕ್ಕೆ ಕೊರೆದ ಆರಾರು ಹಳ್ಳ. ಒಂದೊಂದು ಜೋಡಿ ಹಳ್ಳದ ನಡುವೆ ಒಂದೊಂದು ಉಕ್ಕಿನ ಗೋಲಿ. ಆರೂ ಗೋಲಿಗಳನ್ನು ಹಿಡಿದಿಡಲು ಒಂದು ಪಂಜರ. ಜಾಯಿಂಟ್ ಎಷ್ಟೇ ಬಾಗಲಿ, ಆರೂ ಗೋಲಿಗಳು ಆ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ನಿಲ್ಲುತ್ತವೆ. ಗುಟ್ಟು ಇಷ್ಟೇ.

ಅರ್ಧ ಯಾಕೆ? ಕನ್ನಡಿ ಮುಂದೆ ನಿಂತು ಕೈ ತಿರುಗಿಸಿ ನೋಡಿ. ಕನ್ನಡಿಯೊಳಗಿನ ಕೈ ಒಂದು ಕೂದಲೆಳೆಯಷ್ಟೂ ಹಿಂದೆ ಬೀಳುವುದಿಲ್ಲ, ಮುಂದೆ ಹೋಗುವುದಿಲ್ಲ. ಗೋಲಿಗಳಿರುವ ಸಮತಲವೇ ಇಲ್ಲಿ ಕನ್ನಡಿ, ಎರಡು ಸಲಾಕೆಗಳು ಒಂದರ ಬಿಂಬ ಇನ್ನೊಂದು. ಹಾಗಾಗಿ ಒಂದು ಕಡೆಯ ವೇಗವೇ ಇನ್ನೊಂದು ಕಡೆಯ ವೇಗ, ಯಾವ ಕ್ಷಣದಲ್ಲೂ. ಅದಕ್ಕೇ ಹೆಸರು ಕಾನ್‌ಸ್ಟಂಟ್ ವೆಲಾಸಿಟಿ ಜಾಯಿಂಟ್, ಗ್ಯಾರೇಜಿನಲ್ಲಿ ಸಿ.ವಿ. ಜಾಯಿಂಟ್. 1959ರ ಮಿನಿ ಕಾರು ಇದನ್ನು ಸಾಮಾನ್ಯರ ಗಾಡಿಗೆ ತಂದಿತು. ನಮ್ಮ ಓಣಿಗಳಿಗೆ ಬಂದದ್ದು 1983ರಲ್ಲಿ ಶುರುವಾದ ಮಾರುತಿ 800ರ ಜೊತೆಗೆ.

ಮುಂದಿನ ಭಾನುವಾರ ಚಾಚಾ ಜೊತೆ ನಾನೂ ಪಾನಾ ಹಿಡಿದೆ. ಮೊದಲ ಪಾಠ: ಗಾಲಿ ನಡುವಿನ ದೊಡ್ಡ ನಟ್ಟನ್ನು ಗಾಡಿ ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಜಾಕಿ ಮೇಲೆತ್ತಿ ಸಡಿಲಿಸಲು ಹೋದರೆ ಗಾಡಿ ಜಾಕಿಯಿಂದ ಜಾರುತ್ತದೆ. ಈ ನಟ್ಟಿನ ಬಿಗಿತ ಸುಮಾರು 200 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಪೈಪಿನ ತುದಿಗೆ 20 ಕೆ.ಜಿ. ಜೋಳದ ಚೀಲ ನೇತುಹಾಕಿದಷ್ಟು. ತುಕ್ಕು ಸೇರಿದರೆ ಇನ್ನೂ ಜಾಸ್ತಿ. ಚಾಚಾನ ಹುಡುಗ ಪೈಪಿನ ಮೇಲೆ ನಿಂತು ಕುಣಿದ ಮೇಲೆ ಟಕ್ ಅಂತ ಬಿಟ್ಟಿತು.

ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು (ಬರೀ ಜಾಕಿ ನಂಬಿ ಅಡಿಗೆ ಹೋಗಬೇಡಿ, ದಮ್ಮಯ್ಯ), ಗಾಲಿ ತೆಗೆದು, ಗಾಲಿ ಕೂರುವ ಹಬ್ ಅನ್ನು ಕೆಳಗೆ ಹಿಡಿದಿಡುವ ಬಾಲ್ ಜಾಯಿಂಟ್ ಬಿಚ್ಚಿ, ಹಬ್ ಅನ್ನು ಹೊರಕ್ಕೆ ಎಳೆದು ಆಕ್ಸಲ್ಲಿನ ತುದಿ ಬಿಡಿಸಿದೆವು. ಬರದಿದ್ದರೆ ಮರದ ತುಂಡು ಇಟ್ಟು ಬಡಿಯಬೇಕು. ಸುತ್ತಿಗೆಯನ್ನು ನೇರ ಬಡಿದರೆ ತುದಿಯ ಥ್ರೆಡ್ಡು, ಅಂದರೆ ನಟ್ಟು ಸುತ್ತಿಕೊಳ್ಳುವ ಸುರುಳಿ ಗೀರು, ಚಪ್ಪಟೆಯಾಗಿ ಮತ್ತೆ ನಟ್ಟೇ ಹತ್ತುವುದಿಲ್ಲ. ಒಳಗಿನ ತುದಿಯನ್ನು ಗೇರ್‌ಬಾಕ್ಸಿನಿಂದ ಎಳೆದಾಗ ಆಯಿಲ್ ಸುರಿಯುತ್ತದೆ, ಕೆಳಗೆ ಬೋಗುಣಿ ಇಡಿ. ನಾವು ಇಟ್ಟಿರಲಿಲ್ಲ.

ಹರಿದ ಬೂಟನ್ನು ಕೈಯಲ್ಲಿ ಹಿಡಿದು ನೋಡಿದಾಗ ನನ್ನ ತಪ್ಪು ಕಾಣಿಸಿತು. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಚೀಲ ಅದು. ಗಾಡಿಯನ್ನು ನಾನು ತಿಂಗಳುಗಟ್ಟಲೆ ನಿಲ್ಲಿಸಿದ್ದೆ, ಅದೂ ಜಾಗ ಸಾಲದೆ ಗಾಲಿ ಪೂರ್ತಿ ತಿರುವಿಟ್ಟು. ಒಂದು ಪಕ್ಕದ ಮಡಿಕೆಗಳು ಎಳೆದುಕೊಂಡೇ ಇದ್ದವು. ಗಾಳಿಯಲ್ಲಿರುವ ಸ್ವಲ್ಪವೇ ಓಝೋನ್ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತದೆ, ಎಳೆದು ಹಿಡಿದ ರಬ್ಬರಿನಲ್ಲಿ ಆ ಗಾಯ ಬಾಯಿ ಬಿಟ್ಟು ಬಿರುಕಾಗುತ್ತದೆ. ಬಿರುಕುಗಳು ಎಳೆತಕ್ಕೆ ಅಡ್ಡಡ್ಡವಾಗಿ, ಸಾಲಾಗಿ, ಮಡಿಕೆಯ ತಳದಲ್ಲೇ ಇದ್ದವು.

ಮುಂದಿನದು ಸುಲಭದ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇಂಥ ಸಣ್ಣ ಗಾಲಿ ಸೆಕೆಂಡಿಗೆ ಹತ್ತು ಸುತ್ತು ಹೊಡೆಯುತ್ತದೆ. ಗ್ರೀಸು ಬಿರುಕಿನಿಂದ ಸಿಡಿದು ಹೊರಗೆ, ಧೂಳು ಒಳಗೆ. ನಮ್ಮ ಧಾರವಾಡದ ಪೂರ್ವಕ್ಕೆ ಕಪ್ಪು ಎರೆ ಮಣ್ಣು, ಪಶ್ಚಿಮಕ್ಕೆ ಕೆಂಪು ಮಣ್ಣು. ಜನ ಎರೆಗೆ ಹೆದರುತ್ತಾರೆ, ಕಾಲಿಗೆ ಅಂಟುತ್ತದೆ ಅಂತ. ಆದರೆ ಎರೆಯ ಜೇಡಿ ಕಣ ಉಗುರಿಗಿಂತ ಮೆತ್ತಗೆ, ಉಕ್ಕನ್ನು ಗೀರುವ ಶಕ್ತಿ ಅದಕ್ಕಿಲ್ಲ. ನಿಜವಾದ ವೈರಿ ಗರಸು ಮತ್ತು ಉಸುಕಿನಲ್ಲಿರುವ ಬೆಣಚುಕಲ್ಲಿನ ಪುಡಿ. ಅದು ಗ್ರೀಸಿನಲ್ಲಿ ಕಲೆತರೆ ಸಾಣೆ ಹಿಡಿಯುವ ಮಸಾಲೆ ತಯಾರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ 20 ಕಿಲೋಮೀಟರ್‌ನಲ್ಲಿ ಗಾಲಿ ಸುಮಾರು 12,000 ಸುತ್ತು ತಿರುಗುತ್ತದೆ. ಒಂದೊಂದು ಸುತ್ತಿಗೂ ಪ್ರತಿ ಗೋಲಿ ಹಳ್ಳದಲ್ಲಿ ಒಮ್ಮೆ ಹೋಗಿ ಬರುತ್ತದೆ.

ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪಂಜರ ಓರೆ ಮಾಡಿ, ಒಂದೊಂದೇ ಗೋಲಿ ತೆಗೆದು ಸಾಲಾಗಿ ಇಟ್ಟೆವು. ಅವುಗಳ ಜಾಗ ಅದಲು ಬದಲಾಗಬಾರದು. ಚಾಚಾ ಹಳ್ಳದಲ್ಲಿ ಉಗುರು ಆಡಿಸಿ ನೋಡು ಅಂದರು. ನಡುವಿನಲ್ಲಿ ಉಗುರು ಸಣ್ಣಗೆ ತಡೆಯಿತು. ಅಲ್ಲೊಂದು ತಗ್ಗು.

ಇಲ್ಲಿ ನನಗೊಂದು ಆಶ್ಚರ್ಯ. ಸದ್ದು ಬರುವುದು ತಿರುಗಿಸಿದಾಗ, ಸವೆದಿರುವುದು ನಡುವಿನಲ್ಲಿ, ಅಂದರೆ ನೆಟ್ಟಗೆ ಹೋಗುವಾಗ ಗೋಲಿ ಇರುವ ಜಾಗದಲ್ಲಿ! ಯೋಚಿಸಿದರೆ ಸರಿಯೇ. ಗಾಡಿ ಜಾಸ್ತಿ ಹೊತ್ತು ಹೋಗುವುದು ನೆಟ್ಟಗೆ, ಹಾಗಾಗಿ ತಗ್ಗು ಬೀಳುವುದೂ ಅಲ್ಲೇ. ನೆಟ್ಟಗಿದ್ದಾಗ ಗೋಲಿ ತಗ್ಗಿನೊಳಗೇ ಹಾಯಾಗಿ ಆಡುತ್ತಿರುತ್ತದೆ. ತಿರುಗಿಸಿದಾಗ ದೂರ ಹೋಗಿ ಬರಬೇಕು, ಪ್ರತಿ ಸಲ ತಗ್ಗಿನ ಅಂಚು ಹತ್ತಿ ಇಳಿಯಬೇಕು. ಅದೇ ಕಟಕಟ. ಬಲಕ್ಕೆ ಹೊರಳುವಾಗ ಗಾಡಿಯ ಭಾರ ಎಡಗಾಲಿ ಮೇಲೆ ಬೀಳುವುದರಿಂದ ಎಡ ಜಾಯಿಂಟ್ ಹೆಚ್ಚಾಗಿ ಬಲ ತಿರುವಿನಲ್ಲೇ ಕೂಗುತ್ತದೆ.

ಹೊಸ ಜಾಯಿಂಟ್ ಹಾಕಿಬಿಡೋಣ ಅಂದೆ. ಸಿಗಬೇಕಲ್ಲ! ಮಾಡುವವರೇ ನಿಲ್ಲಿಸಿ ವರ್ಷಗಳಾದವು. ಚಾಚಾ ಹಳ್ಳದ ಇನ್ನೊಂದು ಪಕ್ಕ ತೋರಿಸಿದರು. ಕನ್ನಡಿಯಷ್ಟು ನುಣುಪು. ಮುಂದಕ್ಕೆ ಹೋಗುವಾಗ ಗೋಲಿ ಹಳ್ಳದ ಒಂದೇ ಪಕ್ಕವನ್ನು ಒತ್ತುತ್ತದೆ. ಇನ್ನೊಂದು ಪಕ್ಕಕ್ಕೆ ಕೆಲಸ ಬೀಳುವುದು ರಿವರ್ಸ್‌ನಲ್ಲಿ, ಅಥವಾ ಎಕ್ಸಲೇಟರ್ ಬಿಟ್ಟಾಗ ಸ್ವಲ್ಪ. ಗಾಡಿಯ ಬಲಕ್ಕೆ ನಿಂತು ನೋಡಿ, ಮುಂದೆ ಹೋಗುವಾಗ ಬಲಗಾಲಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಎಡಕ್ಕೆ ಬಂದು ನೋಡಿ, ಎಡಗಾಲಿ ಉಲ್ಟಾ. ಅಂದಮೇಲೆ ಎಡದ ಜಾಯಿಂಟನ್ನು ಬಲಕ್ಕೆ ಹಾಕಿದರೆ ಸವೆಯದ ಪಕ್ಕಕ್ಕೆ ಕೆಲಸ ಬೀಳುತ್ತದೆ. ಬಲದ್ದನ್ನು ಎಡಕ್ಕೆ ತಂದರೆ ಅದರದ್ದೂ ಹೊಸ ಪಕ್ಕ! ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕಾಯಿತು. ಚಾಚಾ ಅಷ್ಟರಲ್ಲಿ ಬಲಗಡೆಯ ನಟ್ಟಿಗೆ ಪೈಪ್ ಹಾಕಿದ್ದರು.

ಎಲ್ಲ ಜಾಯಿಂಟಿಗೂ ಇದು ನಡೆಯುವುದಿಲ್ಲ. ತಗ್ಗು ಆಳವಾಗಿದ್ದರೆ, ಪಂಜರ ಸೀಳಿದ್ದರೆ, ಉಕ್ಕು ಕಾದು ನೀಲಿಗಟ್ಟಿದ್ದರೆ ಗುಜರಿಗೆ ಹಾಕಬೇಕು. ಹಳ್ಳಕ್ಕೆ ವೆಲ್ಡಿಂಗ್ ತುಂಬುವ ಮಾತಂತೂ ಬೇಡವೇ ಬೇಡ, ಗಟ್ಟಿ ಮಾಡಿದ ಉಕ್ಕಿನ ಹದವೇ ಹೋಗುತ್ತದೆ.

ಗ್ರೀಸು ಯಾವುದಾದರೂ ಆಗುವುದಿಲ್ಲ. ಇಲ್ಲಿ ಗೋಲಿ ಉರುಳುವುದರ ಜೊತೆ ಜಾರುತ್ತದೆ ಕೂಡ, ಒತ್ತಡವೂ ವಿಪರೀತ. ಅದಕ್ಕೆ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಕರಿ ಗ್ರೀಸೇ ಬೇಕು. ಅದರ ಅಣುಗಳು ಇಸ್ಪೀಟ್ ಕಟ್ಟಿನ ಹಾಗೆ ಪದರ ಪದರ. ಮೇಲಿಂದ ಅದುಮಿದರೆ ತಡೆಯುತ್ತವೆ, ಪಕ್ಕಕ್ಕೆ ನೂಕಿದರೆ ಸರಕ್ಕನೆ ಜಾರುತ್ತವೆ. ಕೈಗೆ ಹತ್ತಿದ್ದು ಮಾತ್ರ ಮೂರು ದಿನ ಹೋಗಲಿಲ್ಲ. ಹೊಸ ಬೂಟ್, ಹೊಸ ಕ್ಲಿಪ್ಪು, ಹೊಸ ನಟ್ಟು, ಗೇರ್ ಆಯಿಲ್, ಎಲ್ಲ ಮುಗಿಸುವಾಗ ಕತ್ತಲಾಗಿತ್ತು.

ಈಗ ಹೊಸೂರು ಸರ್ಕಲ್‌ನಲ್ಲಿ ಎಡವೋ ಬಲವೋ, ಸದ್ದೇ ಇಲ್ಲ. ಆದರೆ ಸವೆದ ಪಕ್ಕಗಳು ಎಲ್ಲೂ ಹೋಗಿಲ್ಲವಲ್ಲ. ಓಣಿಯಿಂದ ಗಾಡಿ ರಿವರ್ಸ್ ತೆಗೆಯುವಾಗ ಸ್ಟೇರಿಂಗ್ ಪೂರ್ತಿ ತಿರುವಿದರೆ ಕಟಕಟ ಶುರು. ಪಕ್ಕದ ಮನೆಯ ಅಜ್ಜಿ ಕಟ್ಟೆ ಮೇಲೆ ಕೂತಲ್ಲಿಂದಲೇ ಕೇಳುತ್ತಾರೆ, "ಏನೋ ತಮ್ಮಾ, ಇವತ್ತೂ ಹೊಂಟಿ?"