26 ಗಂಟೆಗಳ ಚಿಕಿತ್ಸೆ ಯಾರ ಕೈಗೆ ಎಟುಕುತ್ತದೆ?

ಮಕ್ಕಳ ಬೊಜ್ಜಿಗೆ ಚಿಕಿತ್ಸೆ ಇದೆ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಬೊಜ್ಜು ಒಂದು ಕಾಯಿಲೆ ಅಂತ ಒಪ್ಪಲು ಇವತ್ತಿಗೂ ಬಹಳ ಜನ ತಯಾರಿಲ್ಲ. ಬಾಯಿಚಪಲ, ಸೋಮಾರಿತನ ಅಂತ ತೀರ್ಪು ಕೊಟ್ಟು ಸುಮ್ಮನಾಗುತ್ತಾರೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರ ಜನವರಿಯಲ್ಲಿ ಈ ಬಗ್ಗೆ ವಿವರವಾದ ಮಾರ್ಗಸೂಚಿ ಹೊರತಂದಿತು. 'ಬೆಳೆದಂತೆ ಸರಿಹೋಗುತ್ತೆ, ಕಾದು ನೋಡೋಣ' ಅನ್ನುವ ಹಳೆಯ ರೂಢಿಯನ್ನು ಅದು ಕೈಬಿಟ್ಟಿತು. ಊಟ, ಆಟ, ನಿದ್ದೆ, ಮನಸ್ಸು ಎಲ್ಲವನ್ನೂ ಸೇರಿಸಿ ಇಡೀ ಕುಟುಂಬಕ್ಕೆ ಕೊಡುವ ತರಬೇತಿಯೇ ಈ ಚಿಕಿತ್ಸೆಯ ಬುನಾದಿ. ಅದು ಚೆನ್ನಾಗಿ ಫಲ ಕೊಡಬೇಕಾದರೆ 3ರಿಂದ 12 ತಿಂಗಳೊಳಗೆ ಕನಿಷ್ಠ 26 ಗಂಟೆ ತಜ್ಞರ ಜೊತೆ ಕಳೆಯಬೇಕು.

ಕೇಳಲು ಜಾಸ್ತಿ ಅನ್ನಿಸುವುದಿಲ್ಲ, ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಭೇಟಿಗೆ ಒಂದು ಗಂಟೆ ಅಂದರೂ 26 ಸಲ ಹೋಗಿಬರಬೇಕು. ಪ್ರತಿ ಸಲ ಬಸ್ಸಿನ ಖರ್ಚು, ಕಾಯುವ ಹೊತ್ತು. ಕ್ಲಿನಿಕ್ ತೆರೆಯುವುದು ಹಗಲಿನಲ್ಲಿ, ಅಂದರೆ ಮಗುವಿನ ಶಾಲೆ ತಪ್ಪುತ್ತದೆ, ಅಮ್ಮನಿಗೆ ಕೂಲಿ ತಪ್ಪುತ್ತದೆ. ಮನೆಯಲ್ಲಿರುವ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳಬೇಕು? ರಜೆಗೂ ಸಂಬಳ ಬರುವ ಕುಟುಂಬಕ್ಕೆ 26 ಗಂಟೆ ಅಂದರೆ 26 ಗಂಟೆಯೇ. ದಿನಗೂಲಿಯ ಕುಟುಂಬಕ್ಕೆ ಅದು 26 ದಿನಗಳ ಗಳಿಕೆಯೂ ಆಗಬಹುದು. ಅಂಥ ಮನೆಯ ಹುಡುಗಿ ನಾಲ್ಕನೇ ಭೇಟಿಗೆ ಬಾರದಿದ್ದರೆ 'ಆಸಕ್ತಿ ಇಲ್ಲ' ಎಂದು ಬರೆದು ಹೆಸರು ತೆಗೆಯುವುದು ಅನ್ಯಾಯ.

ಅದೂ ಚಿಕಿತ್ಸೆ ಹೆಚ್ಚು ಬೇಕಾಗಿರುವುದು ಇಂಥ ಮನೆಗಳಿಗೇ. ಇಂಗ್ಲೆಂಡಿನಲ್ಲಿ ಶಾಲಾಮಕ್ಕಳ ಎತ್ತರ, ತೂಕಗಳನ್ನು ಪ್ರತಿವರ್ಷ ಅಳೆಯುತ್ತಾರೆ. ತೀರಾ ಬಡ ಪ್ರದೇಶಗಳ 10–11 ವರ್ಷದ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಸ್ಥಿತಿವಂತರ ಪ್ರದೇಶಗಳಿಗಿಂತ ಎರಡು ಪಟ್ಟು ಮೀರಿದೆ. ಬಡ ದೇಶಗಳಲ್ಲಿ ಬೊಜ್ಜು ಮೊದಲು ಉಳ್ಳವರ ಮನೆಯಲ್ಲಿ ಕಾಣಿಸುತ್ತದೆ. ಆ ದೇಶದ ಆದಾಯ ಏರುತ್ತ ಹೋದಂತೆ ಅದರ ಭಾರ ಬಡವರ ಕಡೆಗೆ ಸರಿಯುತ್ತದೆ. ಇಡೀ ಜಗತ್ತಿನ ಲೆಕ್ಕದಲ್ಲಿ, ಶಾಲಾ ವಯಸ್ಸಿನ ಮಕ್ಕಳಲ್ಲಿ ತೂಕ ಕಡಿಮೆ ಇರುವವರಿಗಿಂತ ಬೊಜ್ಜು ಇರುವವರೇ ಈಗ ಹೆಚ್ಚು ಎಂದು ಯುನಿಸೆಫ್ 2025ರಲ್ಲಿ ಹೇಳಿತು: ಬೊಜ್ಜು ಶೇ. 9.4, ಕಡಿಮೆ ತೂಕ ಶೇ. 9.2.

ಬಡತನಕ್ಕೂ ಬೊಜ್ಜಿಗೂ ಏನು ನಂಟು? 2019ರಲ್ಲಿ ಕೆವಿನ್ ಹಾಲ್ ಅವರ ತಂಡ 20 ಮಂದಿಯನ್ನು ಅಮೆರಿಕದ ಸಂಶೋಧನಾ ಆಸ್ಪತ್ರೆಯೊಂದರಲ್ಲಿ ಇರಿಸಿಕೊಂಡು ಒಂದು ಪ್ರಯೋಗ ಮಾಡಿತು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ತಾಜಾ ಅಡುಗೆ. ಎರಡರಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ನಾರು ಹೆಚ್ಚುಕಡಿಮೆ ಒಂದೇ. ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿಸಿದ ಆಹಾರ ಸಿಕ್ಕ ದಿನಗಳಲ್ಲಿ ಅವರು ತಮಗೇ ಗೊತ್ತಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಇಂಥ ತಿನಿಸು ಅಗ್ಗ, ಕೆಡುವುದಿಲ್ಲ, ಒಲೆಯ ಮುಂದೆ ನಿಲ್ಲಿಸುವುದಿಲ್ಲ. ಹಣವೂ ಸಮಯವೂ ಇಲ್ಲದ ಮನೆಗೆ ಅದೇ ಬರುತ್ತದೆ. ಅದರ ಜೊತೆಗೆ ನಿದ್ದೆಗೇಡು, ಆತಂಕ, ಆಡಲು ಜಾಗವಿಲ್ಲದ ಓಣಿ.

ಒಮ್ಮೆ ತೂಕ ಏರಿತೆಂದರೆ ದೇಹ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೊಬ್ಬಿನ ಕೋಶಗಳು 'ಲೆಪ್ಟಿನ್' ಎಂಬ ಹಾರ್ಮೋನು ಸ್ರವಿಸಿ, ಎಷ್ಟು ಕೊಬ್ಬು ಕೂಡಿಟ್ಟಿದೆ ಎಂದು ಮಿದುಳಿಗೆ ತಿಳಿಸುತ್ತಿರುತ್ತವೆ. ಇದನ್ನು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಪತ್ತೆ ಹಚ್ಚಿತು. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ, ಹಸಿವು ಹೆಚ್ಚಿಸುವ 'ಗ್ರೆಲಿನ್' ಏರುತ್ತದೆ, ದೇಹ ಶಕ್ತಿ ಸುಡುವುದನ್ನೂ ತಗ್ಗಿಸುತ್ತದೆ. ವಯಸ್ಕರ ಮೇಲೆ ನಡೆದ ಅಧ್ಯಯನವೊಂದರಲ್ಲಿ ತೂಕ ಇಳಿದು ಒಂದು ವರ್ಷವಾದರೂ ಈ ಹಾರ್ಮೋನುಗಳು ಮೊದಲಿನಂತಾಗಿರಲಿಲ್ಲ. ಇಂಥ ದೇಹದ ಜೊತೆ ಹೆಣಗುತ್ತಿರುವ ಹುಡುಗನಿಗೆ 'ಸ್ವಲ್ಪ ಬಾಯಿ ಕಟ್ಟು' ಎಂದು ಬುದ್ಧಿ ಹೇಳಿ ಕಳಿಸಿದರೆ ಅವನಿಗೆ ಸಿಗುವುದು ಅವಮಾನ ಮಾತ್ರ. ಮುಂದೆ ಜ್ವರ ಬಂದರೂ ಅವನು ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಾನೆ.

ಹೊಸ ಔಷಧಿಗಳು ಭರವಸೆ ತಂದಿವೆ, ನಿಜ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚುಮದ್ದು ಪಡೆದ ಹದಿಹರೆಯದವರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸೂಚ್ಯಂಕ) 68 ವಾರಗಳಲ್ಲಿ ಸರಾಸರಿ ಶೇ. 16ರಷ್ಟು ಇಳಿಯಿತು. ಹೋಲಿಕೆಗೆಂದು ಔಷಧಿಯಿಲ್ಲದ ಖಾಲಿ ಚುಚ್ಚುಮದ್ದು ಪಡೆದವರಲ್ಲಿ ಬಹುತೇಕ ಏನೂ ಬದಲಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ 12 ವರ್ಷ ಮೇಲ್ಪಟ್ಟವರಿಗೆ ಇದನ್ನು ಒಪ್ಪಿತು. ಆದರೆ ಮದ್ದು ನಿಲ್ಲಿಸಿದ ವಯಸ್ಕರಲ್ಲಿ ಇಳಿದ ತೂಕದ ಸುಮಾರು ಮೂರನೇ ಎರಡು ಪಾಲು ಒಂದು ವರ್ಷದಲ್ಲಿ ಮರಳಿ ಬಂತು. ಹಾಗಾಗಿ ಸಾಲ ಮಾಡಿ ನಾಲ್ಕು ತಿಂಗಳು ಮದ್ದು ಕೊಡಿಸಿ ನಿಲ್ಲಿಸುವ ಕುಟುಂಬಕ್ಕೆ ಉಳಿಯುವುದು ಸಾಲವಷ್ಟೇ ಆಗಬಹುದು. ಸರ್ಕಾರವೋ ವಿಮೆಯೋ ದೀರ್ಘಕಾಲ ಖರ್ಚು ಹೊರದೆ ಈ ಮದ್ದು ಬಡ ಮಕ್ಕಳನ್ನು ತಲುಪುವುದಿಲ್ಲ.

ಹಾಗಾದರೆ ದಾರಿ? ನನಗೆ ತುಂಬ ಆಸೆ ಹುಟ್ಟಿಸಿದ್ದು 2023ರ ಒಂದು ಪ್ರಯೋಗ. ಅದನ್ನು ನಡೆಸಿದವರು ಲೆನಾರ್ಡ್ ಎಪ್‌ಸ್ಟೈನ್ ಮತ್ತು ಜೊತೆಗಾರರು. ಕುಟುಂಬ ಚಿಕಿತ್ಸೆಯನ್ನು ಅವರು ದೂರದ ದೊಡ್ಡ ಆಸ್ಪತ್ರೆಯಲ್ಲಿ ಇಡಲಿಲ್ಲ. ಮಕ್ಕಳು ಕೆಮ್ಮು, ಲಸಿಕೆಗೆಂದು ಹೋಗುವ ಮಾಮೂಲಿ ಕ್ಲಿನಿಕ್‌ಗಳಲ್ಲೇ ಕೊಟ್ಟರು. 452 ಕುಟುಂಬಗಳು ಭಾಗವಹಿಸಿದವು. ಎರಡು ವರ್ಷಗಳ ಕೊನೆಗೆ, ಎಂದಿನ ಆರೈಕೆ ಪಡೆದವರಿಗೆ ಹೋಲಿಸಿದರೆ ಈ ಚಿಕಿತ್ಸೆ ಪಡೆದ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಲಾಭವಾಗಿತ್ತು. ಚಿಕಿತ್ಸೆಗೆ ಸೇರದ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಪ್ರಯೋಜನವಾಗಿತ್ತು!

ಇಂಗ್ಲೆಂಡ್ 2021ರಿಂದ ತೆರೆದ ವಿಶೇಷ ಕ್ಲಿನಿಕ್‌ಗಳಲ್ಲಿ ವೈದ್ಯರ ಜೊತೆ ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ. ಸಮಾಜ ಕಾರ್ಯಕರ್ತರು ಏಕೆ ಬೇಕು? ಮನೆಯಲ್ಲಿ ತಿಂಗಳ ಕೊನೆಗೆ ಊಟಕ್ಕೇ ತತ್ವಾರವಾದರೆ ಆಹಾರ ತಜ್ಞರ ಪಟ್ಟಿ ಕೆಲಸಕ್ಕೆ ಬಾರದು. 'ಮನೇಲಿ ಊಟ ಸಾಲುತ್ತಾ?' ಎಂದು ನೋಯಿಸದೆ ಕೇಳಿ, ಸಿಗಬೇಕಾದ ನೆರವು ಕೊಡಿಸುವುದೂ ಚಿಕಿತ್ಸೆಯೇ.

ಉಳಿದವು ಸಣ್ಣ ಸಂಗತಿಗಳಂತೆ ಕಾಣುತ್ತವೆ. ಸಂಜೆಯ ವೇಳೆ, ಶಾಲೆಯಲ್ಲೇ ಭೇಟಿ, ಕೆಲವು ಭೇಟಿಗಳು ಫೋನಿನಲ್ಲಿ, ಬಸ್ಸಿನ ಖರ್ಚು ವಾಪಸ್, ಚಿಕ್ಕ ಮಕ್ಕಳನ್ನೂ ಕರೆತರಬಹುದಾದ ಕೋಣೆ. ಇವುಗಳಿಗೆ ಬಜೆಟ್ಟಿನಲ್ಲಿ ಮೊದಲೇ ಹಣ ಎತ್ತಿಡಬೇಕು, ಮಿಕ್ಕರೆ ನೋಡೋಣ ಅನ್ನಬಾರದು.

ಇನ್ನೊಂದು ಕಂದಕ 18ನೇ ವಯಸ್ಸಿನದು. ಆ ಹೊತ್ತಿಗೆ ಮಕ್ಕಳ ಕ್ಲಿನಿಕ್ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ. ದೊಡ್ಡವರ ಕ್ಲಿನಿಕ್‌ನಲ್ಲಿ ಹೊಸ ಸರದಿ, ಹೊಸ ವೈದ್ಯರು, ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ಓದು ಬಿಟ್ಟು ಕೆಲಸಕ್ಕೆ ಸೇರಿದವರು ಇಲ್ಲಿ ಸುಲಭವಾಗಿ ಕೈತಪ್ಪಿ ಹೋಗುತ್ತಾರೆ. ಹೊಸ ಕ್ಲಿನಿಕ್‌ನ ಮೊದಲ ಭೇಟಿ ಮುಗಿಯುವ ತನಕ ಹಳೆಯ ತಂಡ ಅವರ ಕೈ ಬಿಡಬಾರದು. ಭೇಟಿ ತಪ್ಪಿದರೆ ಫೋನ್ ಮಾಡಿ 'ಯಾಕೆ ಬರಲಾಗಲಿಲ್ಲ, ಯಾವ ಹೊತ್ತಾದರೆ ಆಗುತ್ತೆ?' ಎಂದು ಕೇಳಲು ಪ್ರತಿ ತಂಡದಲ್ಲೂ ಒಬ್ಬರು ಇರಲೇಬೇಕು.